ಮುಹೂರ್ತ ಕೇಳದ ಸೇವಂತಿಗೆ

ಸೇವಂತಿಗೆಗೆ ಹಬ್ಬಗಳೆಲ್ಲ ಗೊತ್ತು. ಮಹಾನವಮಿಗೆ ಬೆಳಗಾವಿಯ ಪೇಟೆಯಲ್ಲಿ ಬುಟ್ಟಿಗಟ್ಟಲೆ ಬಂದಿಳಿಯುತ್ತದೆ, ದೀಪಾವಳಿಗೆ ಅಂಗಡಿಯ ಲಕ್ಷ್ಮಿಯ ಕೊರಳಿನಿಂದ ತಕ್ಕಡಿಯವರೆಗೂ ಹಬ್ಬುತ್ತದೆ. ಗೊತ್ತಿಲ್ಲದಿರುವುದು ಲಗ್ನದ ಮುಹೂರ್ತಗಳು ಮಾತ್ರ. ಅದು ಮೈದುಂಬಿ ಅರಳತೊಡಗುವ ದಿನಗಳು ಚಾತುರ್ಮಾಸಕ್ಕೆ ಸೇರಿದವು. ತುಳಸಿ ಲಗ್ನವಾಗುವ ತನಕ ಮನುಷ್ಯರ ಲಗ್ನಕ್ಕೆ ತಡೆ. ಮುಂದೆ ವೈಶಾಖದಲ್ಲಿ ಊರಿಗೆ ಊರೇ ಹಸೆಮಣೆ ಏರಿದಾಗ ಈ ಗಿಡ ಬರೀ ಎಲೆ ಹೊತ್ತು ನಿಂತಿರುತ್ತದೆ.

ಇದು ನನ್ನ ಅಕ್ಕನ ಮಗಳ ಬಹುಕಾಲದ ದೂರು. ಲಗ್ನದ ಮಂಟಪ, ಕುಬಸದ ಜೋಕಾಲಿ, ತೊಟ್ಟಿಲು ಇವನ್ನೆಲ್ಲ ಹೂವಿನಿಂದ ಸಿಂಗರಿಸುವುದು ಅವಳ ಉದ್ಯೋಗ. ಅರಭಾವಿಯಲ್ಲಿ ತೋಟಗಾರಿಕಾ ಕಾಲೇಜು ಇದೆಯಲ್ಲ, ಆ ಸೀಮೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಸ್ವಂತ ಹೊಲದಲ್ಲಿ ಸೇವಂತಿಗೆಯ ಹೊಸ ತಳಿ ಮಾಡುತ್ತಾರೆಂದು ಯಾರೋ ಅವಳ ಕಿವಿಗೆ ಹಾಕಿದರು. ತುಳಸಿ ಲಗ್ನ ಮುಗಿದ ಮರುವಾರವೇ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು.

ಹೋದವಳು ನೀರು ಕುಡಿಯುವ ಮೊದಲೇ ಕೇಳಿದ್ದು, "ಸರ್, ಬೇಸಿಗೆಯಲ್ಲಿ ಹೂ ಬಿಡುವ ಗಿಡ ಮಾಡಿಕೊಡುತ್ತೀರಾ?"

ಮಾಸ್ತರರು ನಕ್ಕರು. ಸೇವಂತಿಗೆ ಕತ್ತಲೆಯ ಲೆಕ್ಕ ಇಡುವ ಗಿಡವಂತೆ. ರಾತ್ರಿ ಸಾಕಷ್ಟು ಉದ್ದವಾದ ಮೇಲೆಯೇ ಅದು ಮೊಗ್ಗಿನ ಯೋಚನೆ ಮಾಡುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಉರಿಸಿದರೂ ಸಾಕು, ರಾತ್ರಿ ಮುರಿಯಿತೆಂದು ಭಾವಿಸಿ ಹೂವನ್ನು ಮುಂದೂಡುತ್ತದೆ. ಚಿಕ್ಕಬಳ್ಳಾಪುರದ ಕಡೆ ರೈತರು ಸೇವಂತಿಗೆ ಹೊಲದ ತುಂಬ ಬಲ್ಬು ತೂಗುಹಾಕುವುದು ಈ ಕಾರಣಕ್ಕೇ. ದೂರದಿಂದ ನೋಡಿದವರಿಗೆ ಜಾತ್ರೆ ನಡೆದಂತೆ ಕಾಣುತ್ತದೆ. ಹೊಲದಲ್ಲಿ ನಡೆದಿರುವುದು ಗಿಡಕ್ಕೆ ಮಾಡುವ ಮೋಸ. ಬೇಸಿಗೆಯಲ್ಲಿ ಹೂ ಬೇಕಾದರೆ ಇದರ ತಿರುವುಮುರುವು: ಸಂಜೆ ಬಿಸಿಲಿರುವಾಗಲೇ ಪಾಲಿಹೌಸಿನಲ್ಲಿ ಕರಿಬಟ್ಟೆ ಎಳೆದು ಸುಳ್ಳು ರಾತ್ರಿ ತರಬೇಕು. "ನಮ್ಮ ವೈಶಾಖದ ಬಿಸಿಲಿನಲ್ಲಿ ಕರಿಬಟ್ಟೆಯೊಳಗೆ ಗಿಡ ಬೇಯುತ್ತದೆ ತಂಗೀ. ಅದಕ್ಕಿಂತ ನೀನು ಲಗ್ನಗಳನ್ನೇ ಮುಂದೂಡಿಸು," ಎಂದರು.

ಆಮೇಲೆ ಅವರು ಕತ್ತರಿ ತೆಗೆದುಕೊಂಡು ಮಡಿಗೆ ಇಳಿದರು. ಅಂಗೈಯಗಲದ ಹಳದಿ ಹೂವೊಂದರ ಎಸಳುಗಳನ್ನು ಕಚಕಚ ಕತ್ತರಿಸಿ, ಹೆರಳು ಬೋಳಿಸಿದಂತೆ ಮೋಟು ಮಾಡಿಬಿಟ್ಟರು. ನನ್ನ ಸೋದರಸೊಸೆ ಅಯ್ಯೋ ಎಂದಳು. ಎಸಳು ಬಾಡಿದ ಒಂದು ಹೂವನ್ನು ಮಂಟಪದ ಹಿಂದೆ ಮರೆಮಾಡುವುದಕ್ಕೆ ಅರ್ಧ ಗಂಟೆ ಪರದಾಡುವವಳು ಅವಳು. ಮಾಸ್ತರರಿಗೆ ಎಸಳೇ ಅಡ್ಡಿ. ನಾವು ಒಂದು ಹೂ ಎನ್ನುವುದು ನೂರಾರು ಹೂಗಳ ಗೊಂಚಲು. ಸುತ್ತಲಿನ ಒಂದೊಂದು ಎಸಳೂ ಒಂದೊಂದು ಹೆಣ್ಣು ಹೂ, ಪರಾಗವಿರುವುದು ನಡುವಿನ ಪುಟಾಣಿ ಹೂಗಳಲ್ಲಿ. ಎಸಳು ಕತ್ತರಿಸಿದರೆ ಪರಾಗ ಸ್ವೀಕರಿಸುವ ಶಲಾಕೆ ಹೊರಗೆ ಕಾಣುತ್ತದೆ, ಬೇರೆ ಗಿಡದ ಪರಾಗವನ್ನು ಕುಂಚದಿಂದ ಸವರಬಹುದು. ಬೇರೆ ಗಿಡದ್ದೇ ಏಕೆಂದರೆ, ತನ್ನ ಪರಾಗವನ್ನು ಸೇವಂತಿಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮ ಲಗ್ನಕ್ಕೆ ಬಾರದ ಹೂವು ತನ್ನ ಮನೆಯ ಲಗ್ನದಲ್ಲಿ ಗೋತ್ರ ನೋಡುತ್ತದೆ!

ಗೋತ್ರ ನೋಡಿ ಮಾಡಿದರೂ ಸಂತಾನ ಹೇಳಿದ ಮಾತು ಕೇಳುವುದಿಲ್ಲ. ಪೇಟೆಯ ಸೇವಂತಿಗೆಯ ಕೋಶದಲ್ಲಿ ವರ್ಣತಂತುಗಳ ಕಂತೆ ಎರಡಲ್ಲ, ಆರು. ಒಟ್ಟು 54ರ ಆಸುಪಾಸು. ಹಾಗಾಗಿ ಒಂದೇ ಹೂವಿನ ಬೀಜದಿಂದ ಹುಟ್ಟಿದ ಅಕ್ಕತಂಗಿಯರಲ್ಲಿ ಒಬ್ಬಳು ಇಟ್ಟಿಗೆ ಬಣ್ಣ, ಒಬ್ಬಳು ನಸುಗೆಂಪು, ಇನ್ನೊಬ್ಬಳು ಯಾವ ಬಣ್ಣವೆಂದು ಹೇಳಲಾಗದ ಬಣ್ಣ. ಅವರಲ್ಲಿ ಬಹುಪಾಲು ಗಿಡಗಳನ್ನು ಮಾಸ್ತರರು ಕಿತ್ತೆಸೆಯುತ್ತಾರೆ. ಉಳಿದದ್ದನ್ನು ಬುಡದ ಕಂದು ಬಿಡಿಸಿ, ಕುಡಿ ನೆಟ್ಟು, ವರ್ಷಗಟ್ಟಲೆ ಪರೀಕ್ಷಿಸುತ್ತಾರೆ. ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ತಳಿಗಳಿಗೆ ಅರ್ಕಾ ಸ್ವರ್ಣ, ಅರ್ಕಾ ಗಂಗಾ ಎಂದು ಅಂದದ ಹೆಸರುಗಳಿವೆ; ಇವರ ಗಿಡಗಳಿಗೆ ಬರೀ ನಂಬರು.

ಯಾರ ಮನಸ್ಸಿಗೆ ಬರಬೇಕು ಈ ಹೂವು? ರೈತನಿಗೆ ತೂಕ ಬೇಕು, ಏಕೆಂದರೆ ಪೇಟೆಯಲ್ಲಿ ಕಿಲೋ ಲೆಕ್ಕ. ಮಾಲೆ ಕಟ್ಟುವವಳಿಗೆ ಹಗುರ ಬೇಕು, ಅವಳು ಮೊಳದ ಲೆಕ್ಕದಲ್ಲಿ ಮಾರುವವಳು. ಅವಳಿಗೆ ಕಡ್ಡಿ ದಂಡ. ನನ್ನ ಸೋದರಸೊಸೆಗೆ ಕಡ್ಡಿಯೇ ಮುಖ್ಯ. ಅದರಲ್ಲೂ ದೊಡ್ಡ ಒಂಟಿ ಹೂ ಬೇಕಾದರೆ ಪಕ್ಕದ ಮೊಗ್ಗುಗಳನ್ನು ಚಿವುಟಬೇಕು, ಗೊಂಚಲು ಬೇಕಾದರೆ ನಡುವಿನ ಹಿರಿಮೊಗ್ಗನ್ನೇ ಚಿವುಟಬೇಕು. ದೇವರೊಬ್ಬನೇ ಏನು ಕೊಟ್ಟರೂ ಸುಮ್ಮನಿರುವ ಗಿರಾಕಿ.

ಬೀಗರದು ಮತ್ತೊಂದು ಬಗೆ. ಅವರಿಗೆ ಸೀರೆಗೆ ಒಪ್ಪುವ ಬಣ್ಣ ಬೇಕು. ನನ್ನ ಸೋದರಸೊಸೆ ಇಳಕಲ್ ಸೀರೆಯ ನೀಲಿಯನ್ನು ಮೊಬೈಲಿನಲ್ಲಿ ಮಾಸ್ತರರಿಗೆ ತೋರಿಸಿ, "ಇಂಥದ್ದು ಇದೆಯೇ?" ಎಂದಳು. ಸೇವಂತಿಗೆಯಲ್ಲಿ ಹುಟ್ಟಾ ನೀಲಿ ಇಲ್ಲ. ಪೇಟೆಯ ನೀಲಿ ಬಿಳಿ ಹೂವಿಗೆ ಬಣ್ಣ ಕುಡಿಸಿದ್ದು, ಇಲ್ಲವೇ ಮೇಲೆ ಬಳಿದದ್ದು. 2017ರಲ್ಲಿ ಜಪಾನಿನ ವಿಜ್ಞಾನಿಗಳು ನಿಜವಾದ ನೀಲಿ ಸೇವಂತಿಗೆಯನ್ನು ಮಾಡಿ ತೋರಿಸಿದರು. ಅದಕ್ಕೆ ಅವರು ಎರವಲು ತಂದ ಎರಡು ವಂಶವಾಹಿಗಳಲ್ಲಿ ಒಂದು ಶಂಖಪುಷ್ಪದ್ದು. ಮಾಸ್ತರರ ಬೇಲಿಯ ಮೇಲೆಯೇ ಶಂಖಪುಷ್ಪ ಹಬ್ಬಿತ್ತು. "ನೀಲಿಯೇ ಬೇಕಿದ್ದರೆ ಅದನ್ನು ಕೊಯ್ದುಕೊಂಡು ಹೋಗು, ದುಡ್ಡು ಬೇಡ," ಎಂದರು.

ಅವಳ ಕಣ್ಣು ಕಿತ್ತೆಸೆದ ಗಿಡಗಳ ರಾಶಿಯ ಮೇಲೆ ನೆಟ್ಟಿತ್ತು. ಅಲ್ಲಿ ಕೊಳವೆಯಂಥ ಎಸಳಿನ, ತುಸು ಹಸಿರು ಬೆರೆತ ಬಿಳಿ ಹೂಗಳಿದ್ದವು. ನನಗೂ ಅವು ಮಡಿಯಲ್ಲಿದ್ದ ಎಲ್ಲ ಹೂಗಳಿಗಿಂತ ಚೆನ್ನಾಗಿ ಕಂಡವು.

"ಅದು ಬೇಡ. ಮಳೆಗೆ ಬುಡ ಕೊಳೆಯುತ್ತದೆ, ರೈತ ಹಾಳಾಗುತ್ತಾನೆ."

"ನನಗೆ ಬುಡ ಏತಕ್ಕೆ ಸರ್? ಆರತಕ್ಷತೆಯಿಂದ ಅಕ್ಷತೆಯವರೆಗೆ ನಿಂತರೆ ಸಾಕು."

ಮಾಸ್ತರರು ಬಹಳ ಹೊತ್ತು ಒಪ್ಪಲಿಲ್ಲ. ಸೇವಂತಿಗೆಯ ಕುಡಿ ಮಣ್ಣಿಗೆ ತಾಗಿದರೆ ಬೇರು ಬಿಡುತ್ತದೆ. ಯಾರಾದರೂ ನೆಟ್ಟು, ಬೆಳೆಸಿ, ಮಾರಿ, ಮುಂದಿನ ಮಳೆಗೆ ತಮಗೆ ಶಾಪ ಹಾಕಿಯಾರೆಂಬ ಭಯ. ಕೊನೆಗೆ ಒಂದೊಂದೇ ಹೂವನ್ನು ಕತ್ತಿನ ಬುಡದಲ್ಲಿ ಚಿವುಟಿ ಬುಟ್ಟಿ ತುಂಬಿಸಿದರು. ಒಂದಕ್ಕೂ ಕಡ್ಡಿಯಿಲ್ಲ. ಅವಳ ಫೋಮಿಗೆ ಚುಚ್ಚಲು ಏನೂ ಉಳಿದಿರಲಿಲ್ಲ. ಮನೆಯಲ್ಲಿ ಅಕ್ಕ ಅವನ್ನು ದಾರಕ್ಕೆ ಪೋಣಿಸಿ ತಲೆಬಾಗಿಲಿಗೆ ಕಟ್ಟಿದಳು. ಮಂಟಪಕ್ಕೆ ಮಗಳು ಜರ್ಬೆರಾ ತರಿಸಿದಳು.