ಬೇರೆ ಊರಿನವರೇ ತುಂಬಿದ ದಿಲ್ಲಿ

ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ, "ಆ ದಿಲ್ಲೀಲಿ ಹೆಂಗಿರ್ತೀಯ ಮಾರಾಯ?" ಅವರು ಟಿವಿಯಲ್ಲಿ ನೋಡುವುದು ಪಾರ್ಲಿಮೆಂಟು, ಧರಣಿ, ಚಳಿಗಾಲದ ಹೊಗೆ. ಅದೆಲ್ಲ ಇದೆ, ಸುಳ್ಳಲ್ಲ. ನನಗೆ ಮಾತ್ರ ದಿಲ್ಲಿ ಅಂದ ಕೂಡಲೇ ನೆನಪಾಗುವುದು ಲಾಜಪತ್ ನಗರದ ಒಂದು ಬರ್ಸಾತಿ.

ಬರ್ಸಾತಿ ಅಂದರೆ ತಾರಸಿ ಮೇಲಿನ ಒಂಟಿ ರೂಮು. 2009ರಲ್ಲಿ ತೀರ್ಥಹಳ್ಳಿಯಿಂದ ಹೋಗಿ ಅಲ್ಲಿ ಬಾಡಿಗೆಗಿದ್ದೆ. ಮೇ ತಿಂಗಳಲ್ಲಿ ಲೂ ಗಾಳಿ ಬೀಸಿದರೆ ನಲ್ಲಿ ನೀರು ಕೈ ಸುಡುತ್ತಿತ್ತು. ಜನವರಿಯಲ್ಲಿ ಎರಡು ರಜಾಯಿ ಹೊದ್ದರೂ ಕಾಲು ಬೆಚ್ಚಗಾಗುತ್ತಿರಲಿಲ್ಲ. ಕೆಳಗಡೆ ಓನರ್ ಅಜ್ಜಿ ಇದ್ದರು. ಎಲ್ಲರೂ ಅವರನ್ನು ಬೀಜೀ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. 1947ರಲ್ಲಿ, ಎಂಟು ವರ್ಷದ ಹುಡುಗಿಯಾಗಿದ್ದಾಗ, ರಾವಲ್ಪಿಂಡಿಯಿಂದ ಬಂದವರು. ಮೊದಲು ನಿರಾಶ್ರಿತರ ಕಿಂಗ್ಸ್‌ವೇ ಕ್ಯಾಂಪಿನ ಟೆಂಟು, ಆಮೇಲೆ ಇಲ್ಲಿ ಪುಟ್ಟ ಮನೆ. ನನಗೆ ಆಗ ಹಿಂದಿ ಅಷ್ಟಕ್ಕಷ್ಟೆ. "ಬೇಟಾ, ಖಾನಾ ಖಾಯಾ?" (ಊಟ ಆಯ್ತಾ ಮಗಾ?) ಅನ್ನೋದು ಮಾತ್ರ ಮೊದಲ ದಿನವೇ ಅರ್ಥವಾಯಿತು.

ದಿಲ್ಲಿ ರಾಜರ ಊರು ಅಂತ ನಾವೆಲ್ಲ ಓದಿದ್ದೇವೆ. ಆದರೆ ರಾಜರು ಇಲ್ಲಿ ನಿಂತಿದ್ದು ಎಷ್ಟು ದಿನ? ಘಿಯಾಸುದ್ದೀನ್ ತುಘಲಕ್ ಬೆಟ್ಟದಂಥ ಗೋಡೆ ಎಬ್ಬಿಸಿ ತುಘಲಕಾಬಾದ್ ಕಟ್ಟಿದ. ಬೇಗನೇ ಅದು ಖಾಲಿ ಬಿತ್ತು. ಅವನ ಮಗ 1327ರಲ್ಲಿ ರಾಜಧಾನಿಯನ್ನೇ ದೌಲತಾಬಾದಿಗೆ ಹೊರಡಿಸಿದ. ಇಂಗ್ಲಿಷರು 1911ರಲ್ಲಿ ದರ್ಬಾರು ಮಾಡಿ ಕಲ್ಕತ್ತೆಯಿಂದ ರಾಜಧಾನಿ ತರುತ್ತೇವೆ ಅಂದರು, 1931ರಲ್ಲಿ ಹೊಸ ದಿಲ್ಲಿಯ ಉದ್ಘಾಟನೆ ಮಾಡಿದರು. ಹದಿನಾರೇ ವರ್ಷಕ್ಕೆ ಗಂಟುಮೂಟೆ ಕಟ್ಟಿದರು. ಊರನ್ನು ಹಿಡಿದು ನಿಂತವರು ಬರಿಗೈಲಿ ಬಂದವರೇ.

ಪುರಾನಾ ಕಿಲಾಕ್ಕೆ, ಅಂದರೆ ಹಳೇ ಕೋಟೆಗೆ, ಹೋದಾಗಲೆಲ್ಲ ನಾನು ಸುಮ್ನೆ ಕೂತುಬಿಡುತ್ತೇನೆ. 1947ರಲ್ಲಿ ಜೀವಭಯದಿಂದ ಮನೆ ಬಿಟ್ಟ ದಿಲ್ಲಿಯ ಮುಸ್ಲಿಮರು ಪಾಕಿಸ್ತಾನದ ರೈಲಿಗಾಗಿ ಕಾದಿದ್ದು ಅಲ್ಲಿ. ಅವರು ಹೋದ ಮೇಲೆ, ಆ ಕಡೆಯಿಂದ ಎಲ್ಲ ಕಳೆದುಕೊಂಡು ಬಂದ ಹಿಂದೂಗಳು, ಸಿಖ್ಖರು ಅದೇ ಗೋಡೆಗಳ ಒಳಗೆ ಒಲೆ ಹಚ್ಚಿದರು. ಹುಮಾಯೂನನ ಸಮಾಧಿಯದ್ದೂ ಇದೇ ಕಥೆ. ಟಿಕೆಟ್ ತಗೊಂಡು ಒಳಗೆ ಹೋಗುವವರಿಗೆ ಇದನ್ನು ಯಾರಾದರೂ ಹೇಳಬೇಕು ಅಲ್ವಾ?

ಈಗ ದೇಶದ ಅತಿ ದುಬಾರಿ ಬಾಡಿಗೆಯ ಜಾಗಗಳಲ್ಲಿ ಒಂದಾದ ಖಾನ್ ಮಾರ್ಕೆಟ್ ಶುರುವಾಗಿದ್ದು ನಿರಾಶ್ರಿತರ ಅಂಗಡಿಗಳಿಂದ. ಚಿತ್ತರಂಜನ್ ಪಾರ್ಕ್ ಪೂರ್ವ ಬಂಗಾಳ ಬಿಟ್ಟು ಬಂದವರದ್ದು. ಮಜನೂ ಕಾ ಟೀಲಾದಲ್ಲಿ ಟಿಬೆಟಿನವರು. ನಾವು ಕನ್ನಡಿಗರು ಕೆಲಸಕ್ಕೆ ಅಂತ ಬಂದವರು, ನಮಗೂ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ಇದೆ.

ಇಂಥ ಊರಿನಲ್ಲಿ ಈಗ 'ಬಾಹರ್‌ವಾಲೇ', ಅಂದರೆ ಹೊರಗಿನವರು, ಅನ್ನೋ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಿಹಾರದಿಂದ, ಬುಂದೇಲ್‌ಖಂಡದಿಂದ ಬಂದವರು ಮೆಟ್ರೋ ಕಟ್ಟಬೇಕು, ಫ್ಲ್ಯಾಟು ಕಟ್ಟಬೇಕು. ಆದರೆ ಅವರ ಜುಗ್ಗಿಗಳನ್ನು, ಅಂದರೆ ಗುಡಿಸಲುಗಳನ್ನು, ಮಾತ್ರ ಬುಲ್ಡೋಜರ್ ತಂದು ಕೆಡವುತ್ತಾರೆ. ಆಗ ಅಷ್ಟು ಬಡತನದಲ್ಲೂ ನಿರಾಶ್ರಿತರಿಗೆ ಕಾಲೊನಿ ಕಟ್ಟಿಕೊಟ್ಟ ದೇಶ ನಮ್ಮದು. ಈಗ ಇಷ್ಟು ದುಡ್ಡಿದ್ದೂ ಕೆಲಸದವರಿಗೆ ಕಡಿಮೆ ಬಾಡಿಗೆಯ ಗಟ್ಟಿ ರೂಮು ಕಟ್ಟಿಕೊಡಲು ಯಾಕೆ ಆಗುವುದಿಲ್ಲ?

2020ರ ಮಾರ್ಚ್ ಕೊನೆ. ಲಾಕ್‌ಡೌನ್ ಆಗಿತ್ತು. ಆನಂದ್ ವಿಹಾರ್ ಬಸ್ ಸ್ಟ್ಯಾಂಡಿನಲ್ಲಿ ಸಾವಿರಾರು ಜನ ಸೇರಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ನಮ್ಮ ಗಲ್ಲಿಯಲ್ಲೇ ಮನೆ ಕಟ್ಟುತ್ತಿದ್ದ ಗಂಡ ಹೆಂಡತಿ, ಮಗುವನ್ನು ಎತ್ತಿಕೊಂಡು ನೀರು ಕೇಳಲು ಬಂದರು. ಝಾನ್ಸಿಗೆ ನಡೆದೇ ಹೋಗುತ್ತೇವೆ ಅಂದರು. ಎಷ್ಟು ದೂರ ಅಂತ ಬೀಜೀ ನನ್ನನ್ನು ಕೇಳಿದರು. ನಾನೂರು ಕಿಲೋಮೀಟರಿಗೂ ಜಾಸ್ತಿ ಅಂದೆ. ಅವರು ಒಳಗೆ ಹೋಗಿ ಇದ್ದ ಹಿಟ್ಟನ್ನೆಲ್ಲ ಕಲಸಿದರು. ಅಷ್ಟೂ ರೊಟ್ಟಿ ಬೇಯುವ ತನಕ ಆ ಮೂವರನ್ನು ಗೇಟಿನಾಚೆ ಹೋಗಲು ಬಿಡಲಿಲ್ಲ.