ಸುಲ್ತಾನ್‌ಪೇಟೆಗೆ ಬಂದ ಲಗ್ನಪತ್ರಿಕೆ

ಹೋದ ವಾರ ನಮ್ಮ ಪ್ರೆಸ್ಸಿಗೆ ಒಂದು ಜೋಡಿ ಬಂದಿತ್ತು. ಹುಡುಗಿ ಹಿಂದೂ, ಹುಡುಗ ಮುಸ್ಲಿಂ. ಬೇರೆ ಬೇರೆ ಧರ್ಮದವರೂ ಮದುವೆಯಾಗಲು ಇರುವ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು 30 ದಿನ ಕಾದು ಮುಗಿಸಿದ್ದರು. ಬೇಕಿದ್ದದ್ದು 150 ಲಗ್ನಪತ್ರಿಕೆ. ಇಲ್ಲೇ ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಎರಡು ಅಂಗಡಿಯವರು ಹೆಸರು ನೋಡಿ ವಾಪಸ್ ಕಳಿಸಿದ್ದರಂತೆ. ಒಬ್ಬರು “ನಮ್ಮ ಧರ್ಮಕ್ಕೆ ಇದು ಒಪ್ಪಲ್ಲ” ಅಂದರೆ, ಇನ್ನೊಬ್ಬರು “ಸುಮ್ನೆ ಗಲಾಟೆ ಯಾಕಮ್ಮ, ಬೇರೆ ಕಡೆ ನೋಡಿ” ಅಂದರಂತೆ. ಹುಡುಗಿ ಅಚ್ಚಾಗಬೇಕಾದ ಮ್ಯಾಟರ್ ಕೈಗೆ ಕೊಡುವ ಮೊದಲೇ ಹೇಳಿದಳು: “ಅಣ್ಣಾ, ಹೆಸರು ನೋಡಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ.” ಆ ಮಾತು ಕೇಳಿ ಸಂಕಟವಾಯಿತು.

ಪಕ್ಕದ ಅಂಗಡಿಯ ಗೆಳೆಯರಿಗೆ ಹೇಳಿದರೆ, “ಅಂಗಡಿ ಅವರದು, ಬಾಡಿಗೆ ಕಟ್ಟೋರು ಅವರು. ಬೇಡ ಅನ್ನೋ ಹಕ್ಕು ಇಲ್ವಾ?” ಅಂತ ಕೇಳಿದರು.

ನಾನೂ ಬೇಡ ಅಂದಿದ್ದೀನಿ. ಒಂದು ಚುನಾವಣೆ ಹೊತ್ತಲ್ಲಿ ಒಂದು ಜಾತಿಯವರನ್ನು ಹೀನಾಯವಾಗಿ ಬೈದ ಕರಪತ್ರ ತಂದವರಿಗೆ ಅಚ್ಚು ಹಾಕಿಕೊಡಲಿಲ್ಲ. ಅದೇ ಮನುಷ್ಯ ಮಗಳ ನಾಮಕರಣದ ಕಾರ್ಡಿಗೆ ಬಂದಾಗ ಖುಷಿಯಿಂದ ಮಾಡಿಕೊಟ್ಟೆ. ಬೇಡವಾಗಿದ್ದದ್ದು ಮ್ಯಾಟರ್. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉತ್ತರ ಐರ್ಲೆಂಡಿನ ಬೇಕರಿಯೊಂದರ ಕೇಸಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಸಲಿಂಗ ವಿವಾಹ ಬೆಂಬಲಿಸುವ ಘೋಷಣೆಯನ್ನು ಕೇಕಿನ ಮೇಲೆ ಬರೆಯಲ್ಲ ಅನ್ನಬಹುದು, ಗಿರಾಕಿ ಸಲಿಂಗಿ ಅಂತ ಕೇಕ್ ಕೊಡದೆ ಇರುವ ಹಾಗಿಲ್ಲ. ಲಗ್ನಪತ್ರಿಕೆಯಲ್ಲಿ ಪ್ರೆಸ್ಸಿನವನ ಮಾತು ಎಲ್ಲಿರುತ್ತೆ ಹೇಳಿ? ವಧು, ವರ, ತಾರೀಖು, ಛತ್ರ. ‘ಸುಖಾಗಮನ ಬಯಸುವವರು’ ಅಂತ ಹೆಸರು ಹಾಕಿಸಿಕೊಳ್ಳೋರು ಮನೆಯವರು.

ಹೆದರಿಕೊಂಡು ಬೇಡ ಅಂದವರ ಮೇಲೆ ನನಗೆ ಅಷ್ಟು ಕೋಪವಿಲ್ಲ. ಆದರೂ ಒಪ್ಪಲಾರೆ, ಯಾಕಂದರೆ ಅದೇ ಮಾತು ಕೇಳಿಕೊಂಡು ಬೆಳೆದವರು ನಮ್ಮಪ್ಪ. ಕುಣಿಗಲ್ ಕಡೆಯ ಹಳ್ಳಿ. ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ತೆಂಗಿನ ಚಿಪ್ಪಿನಲ್ಲಿ ಟೀ, ಅದೂ ಹೊರಗೆ ನಿಂತು. ಕ್ಷೌರಕ್ಕೆ ಟೌನಿಗೆ ನಡೆಯಬೇಕಿತ್ತು. ಊರ ಕ್ಷೌರದವರು ಕೆಟ್ಟವರೇನಲ್ಲ ಅಂತ ಅಪ್ಪ ಕೊನೆವರೆಗೂ ಹೇಳುತ್ತಿದ್ದರು. “ನಿನಗೆ ಮಾಡಿದ್ರೆ ಊರೋರು ನನ್ನ ಹತ್ರ ಬರಲ್ಲ ಕಣಪ್ಪ” ಅನ್ನುತ್ತಿದ್ದರಂತೆ ಅವರು. ಒಳ್ಳೆಯವರೇ. ಆದರೆ ಅಪ್ಪ ಏಳು ಮೈಲಿ ನಡೆದದ್ದು ನಡೆದದ್ದೇ.

ಇದಕ್ಕೇ ಸಂವಿಧಾನದ 15(2)ನೇ ವಿಧಿ ಬಂದದ್ದು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲಿನಿಂದ ದೂರ ಇಡುವಂತಿಲ್ಲ. ಸರ್ಕಾರಕ್ಕಷ್ಟೇ ಹೇಳಿದ ಮಾತಲ್ಲ ಇದು, ನನ್ನಂಥ ಅಂಗಡಿಯವನಿಗೂ ಹೇಳಿದ್ದು. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಅಂದರೇನು ಅನ್ನುವ ಪ್ರಶ್ನೆ ಎದ್ದಾಗ, ಬೇಡಿ ಬಂದವರಿಗೆ ಸೇವೆ ಕೊಡಲು ಸಿದ್ಧವಿರುವ ಜಾಗವೆಲ್ಲ ಅಂಗಡಿಯೇ ಅನ್ನುವ ಅರ್ಥದಲ್ಲಿ ಅಂಬೇಡ್ಕರ್ ಉತ್ತರಿಸಿದ್ದರು. ರಸ್ತೆಗೆ ಬೋರ್ಡ್ ಹಾಕಿ ಬಾಗಿಲು ತೆಗೆದು ಕೂತ ಮೇಲೆ ಹೊಸಿಲಲ್ಲಿ ಜಾತಿ, ಧರ್ಮ ಕೇಳುವಂತಿಲ್ಲ. (ಮನೆ ಬಾಡಿಗೆಯ ವಿಷಯ ಈಗ ಎತ್ತಲ್ಲ. ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿ ಹೆಸರು ಹೇಳಿದ ಕೂಡಲೇ ‘ಆಗೋಯ್ತು’ ಅನಿಸಿಕೊಂಡವರು ಈ ಊರಲ್ಲಿ ಎಷ್ಟು ಜನ ಇದ್ದೀರಿ ಅಂತ ನಿಮಗೇ ಗೊತ್ತು.)

ಮೊನ್ನೆ ಇಬ್ಬರೂ ಪ್ರೂಫ್ ನೋಡಲು ಬಂದಿದ್ದರು. ‘ಸುಖಾಗಮನ ಬಯಸುವವರು’ ಜಾಗದಲ್ಲಿ ನಾಲ್ಕು ಜನ ಸ್ನೇಹಿತರ ಹೆಸರಿದೆ, ಎರಡೂ ಮನೆಯವರದಿಲ್ಲ. ಹುಡುಗನ ಹೆಸರಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು. ಹುಡುಗಿಯೇ ಪೆನ್ನು ಇಸಕೊಂಡು ತಿದ್ದಿದಳು. ಶುಕ್ರವಾರ ಡೆಲಿವರಿ.