ದಾರಿ ತಪ್ಪಿಸೋ ಕಾಡಿಗೂ ಮ್ಯಾಪ್ ಹಾಕ್ಕೊಂಡು ಹೋಗೋರಿಗೆ

ಕುವೆಂಪುನಗರದ ಅಕ್ಕನ ಮನೇಲಿ ಕೂತು, ಪಕ್ಕದಲ್ಲಿರೋ ಮಹಾನುಭಾವನನ್ನ ಬಯ್ಯೋಕಾಗದೆ ಇಲ್ಲಿ ಬರೀತಿದ್ದೀನಿ.

ನಮ್ಮ ಸೋದರಳಿಯ ಮೈನ್‌ಕ್ರಾಫ್ಟಿಗೆ, ಅದೇ ಇಟ್ಟಿಗೆ ಥರದ ಚೌಕಗಳಲ್ಲೇ ಲೋಕ ಕಟ್ಟೋ ಕಂಪ್ಯೂಟರ್ ಆಟಕ್ಕೆ, ಒಂದು ಮಾಡ್ (ಆಟಕ್ಕೆ ಬೇರೆ ಯಾರೋ ಮಾಡಿದ ಸೇರ್ಪಡೆ) ಹಾಕ್ಕೊಂಡಿದ್ದಾನೆ. ಅದರಲ್ಲಿ ಹೊಸದೊಂದು ಕಾಡು. ಜೆಲ್ಡಾ ಅನ್ನೋ ವಿಡಿಯೋ ಗೇಮ್‌ನಲ್ಲಿ ದಾರಿ ತಪ್ಪಿಸೋ ಕಾಡು ಒಂದಿದೆ, ಲಾಸ್ಟ್ ವುಡ್ಸ್ ಅಂತ, ಅದಕ್ಕೆ ಮರುಳಾದ ಯಾರೋ ಪುಣ್ಯಾತ್ಮ ಕಟ್ಟಿದ್ದು. ದಟ್ಟ ಮಂಜು, ಬಾಯಿ ತೆರೆದುಕೊಂಡು ನಿಂತ ಪೊಟರೆ ಮರಗಳು, ದಿಕ್ಕು ತಪ್ಪಿದರೆ ಹೊಕ್ಕ ಜಾಗಕ್ಕೇ ವಾಪಸ್. ನೋಡ್ತಾ ನೋಡ್ತಾ ನನಗೇ ಮೈ ಜುಮ್ಮಂತು. ಇವನೋ, ಎಫ್3 ಕೀ ಒತ್ತಿ, ತಾನು ನಿಂತಿರೋ ಜಾಗ ಹೇಳೋ ಎಕ್ಸ್, ವೈ, ಜೆಡ್ ಅಂಕಿ ತೆಗೆದ. ಅದು ಸಾಲದು ಅಂತ ಪರದೆ ಮೂಲೇಲೊಂದು ಪುಟ್ಟ ನಕ್ಷೆ, ಮಿನಿಮ್ಯಾಪ್ ಬೇರೆ.

"ಯಾಕೋ?" ಅಂದೆ.

"ದಾರಿ ತಪ್ಪೋಗುತ್ತೆ ಮಾವ, ಟೈಮ್ ವೇಸ್ಟು."

ದಾರಿ ತಪ್ಪೋಕಲ್ವೇನೋ ಅಲ್ಲಿಗೆ ಹೋಗಿದ್ದು!

1986ರ ಮೊದಲ ಜೆಲ್ಡಾದಲ್ಲಿ ಆ ಲಾಸ್ಟ್ ವುಡ್ಸ್ ಅಂದ್ರೆ ಒಂದೇ ಒಂದು ಪರದೆ. ಉತ್ತರ, ಪಶ್ಚಿಮ, ದಕ್ಷಿಣ, ಮತ್ತೆ ಪಶ್ಚಿಮ. ಈ ಕ್ರಮದಲ್ಲಿ ಹೋದರೆ ದಾಟ್ತೀರಿ, ತಪ್ಪಿದರೆ ಅದೇ ಮರ, ಅದೇ ಜಾಗ. 2017ರ ಜೆಲ್ಡಾ, ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಪಂಜು ಹಿಡ್ಕೊಂಡು, ಅದರ ಕಿಡಿ ಯಾವ ಕಡೆ ಹಾರುತ್ತೆ ಅಂತ ನೋಡಿ ಹೆಜ್ಜೆ ಇಡಬೇಕು. ಎಡವಟ್ಟಾದರೆ ಮಂಜು ನುಂಗಿ ಕಾಡಿನ ಬಾಗಿಲಿಗೆ ತಂದು ಬಿಸಾಕುತ್ತೆ. ಇದನ್ನೆಲ್ಲ ಶುರು ಮಾಡಿದ ಶಿಗೆರು ಮಿಯಾಮೊಟೊ ಹುಡುಗನಾಗಿದ್ದಾಗ ಕ್ಯೋಟೊ ಹತ್ತಿರದ ಸೊನೊಬೆ ಊರಿನ ಗುಡ್ಡ, ಕಾಡು, ಗುಹೆ ಅಂತ ಮ್ಯಾಪಿಲ್ಲದೆ ಅಲೆದವನು. ಆ ಅಲೆದಾಟವೇ ಜೆಲ್ಡಾ ಆಯ್ತು. ಅವನ ಕೈಗೆ ಯಾರಾದರೂ ಮಿನಿಮ್ಯಾಪ್ ಕೊಟ್ಟಿದ್ದರೆ? ಸಾಯಂಕಾಲ ನೆಟ್ಟಗೆ ಮನೆಗೆ ಬಂದು ಹೋಮ್‌ವರ್ಕ್ ಮಾಡಿರ್ತಿದ್ದ.

ಮೈನ್‌ಕ್ರಾಫ್ಟಿನ ಸ್ವಂತ ಕಾಡುಗಳಲ್ಲಿ ಮ್ಯಾಪ್ ಹಾಕ್ಕೊಳ್ರಪ್ಪ, ನಾನೇನೂ ಅನ್ನಲ್ಲ. ಡಾರ್ಕ್ ಫಾರೆಸ್ಟಲ್ಲಿ ಎಲೆ ಚಪ್ಪರ ಒತ್ತಾಗಿ ಹಗಲಲ್ಲೇ ಜಾಂಬಿ ಎದುರಾಗ್ತವೆ. 2024ರ ಕೊನೇಲಿ ಬಂದ ಪೇಲ್ ಗಾರ್ಡನ್‌ನಲ್ಲಿ ಕ್ರೀಕಿಂಗ್ ಅಂತ ಒಂದಿದೆ, ನೋಡ್ತಿರೋವರೆಗೂ ಅಲ್ಲಾಡಲ್ಲ, ಕಣ್ಣು ಆಚೆ ಹೊರಳಿಸಿದ್ರೆ ಮೈಮೇಲೇ ಬರುತ್ತೆ. ಅಲ್ಲಿ ಮ್ಯಾಪ್ ಇದ್ದರೂ ಹೆದರಿಕೆ ಹೋಗಲ್ಲ. ಈ ಮಾಡ್ ಕಾಡಿನಲ್ಲಿ ಹೊಡೆಯೋಕೆ ಯಾರೂ ಬರಲ್ಲ. ಇರೋದೊಂದೇ, ದಾರಿ ಸಿಗದ ಕಸಿವಿಸಿ. ಅದನ್ನೂ ತೆಗೆದುಬಿಟ್ಟರೆ ಉಳಿಯೋದು ಚೌಕನೆಯ ಹಸಿರು ಇಟ್ಟಿಗೆ. ಉಪ್ಪು, ಹುಳಿ, ಖಾರ ಎಲ್ಲ ಬಿಟ್ಟು ಬಸ್ಸಾರು ಕೇಳಿದ ಹಾಗೆ.

ಅವನ ಪರವಾಗಿ ಅಕ್ಕ ವಾದಕ್ಕೆ ಬಂದಳು: "ಟ್ಯೂಷನ್ ಮುಗಿಸ್ಕೊಂಡು ಬರೋದೇ ರಾತ್ರಿ, ಅರ್ಧ ಗಂಟೆ ಆಡ್ತಾನೆ, ಅದರಲ್ಲಿ ಅಲೀತಾ ಕೂರಕ್ಕಾಗತ್ತಾ?" ಸರಿ ಕಣಮ್ಮ. ಆದ್ರೆ ಅರ್ಧ ಗಂಟೇಲಿ ಅವನು ತಲುಪಬೇಕಿರೋದಾದ್ರೂ ಎಲ್ಲಿಗೆ? ಆ ಕಾಡಿನಾಚೆ ಏನು ಸಿಇಟಿ ಸೀಟು ಹಂಚ್ತಿದ್ದಾರಾ? ಬಂಡೀಪುರದ ಸಫಾರೀಲಿ ಹುಲಿ ಕಾಣಲಿಲ್ಲ ಅಂತ ಡ್ರೈವರ್ ಮೇಲೆ ರೇಗಾಡೋರ ಸಂತತಿ ಇದು. ಕಾಡಿಗೆ ಬಂದಿದ್ದೀವಿ ಅನ್ನೋದೇ ತಲೆಗೆ ಹೋಗಲ್ಲ.

ಮೊದಲ ಜೆಲ್ಡಾದಲ್ಲೂ ದಾರಿ ಹೇಳೋ ಮುದುಕಿ ಇದ್ದಳಲ್ಲ ಅಂತ ಯಾರಾದರೂ ಕಾಮೆಂಟ್ ಹಾಕ್ತೀರಿ, ಗೊತ್ತು. ಇದ್ದಳು. ಮೊದಲು ಅವಳನ್ನ ಹುಡುಕಬೇಕಿತ್ತು, ಆಮೇಲೆ ದುಡ್ಡು ಎಣಿಸಬೇಕಿತ್ತು. ಎಫ್3 ಒತ್ತಿದಷ್ಟು ಸಲೀಸಲ್ಲ.

ಇನ್ನೊಂದು ವಿಷಯ, ಅಕ್ಕನಿಗೆ ಹೇಳಬೇಡಿ. ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನ ಲ್ಯಾಪ್‌ಟಾಪ್ ತೆಗೆದು, ಮಿನಿಮ್ಯಾಪ್ ಕಿತ್ತುಹಾಕಿ ಆ ಕಾಡಿಗೆ ಹೋಗಿದ್ದೆ. ಇನ್ನೂ ಆಚೆ ಬಂದಿಲ್ಲ. ಇವತ್ತು ಆಫೀಸಲ್ಲಿ ಮೀಟಿಂಗ್ ನಡೀತಿದ್ರೂ ತಲೇಲಿ ಅದೇ ಪೊಟರೆ ಮರ, ಎಡಕ್ಕೋ ಬಲಕ್ಕೋ ಅಂತ.

ಭಾನುವಾರ ಎಲ್ಲರೂ ಒಟ್ಟಿಗೆ ಆಡೋ ಹಾಗೆ ಒಂದು ಸರ್ವರ್ ಹಾಕ್ತೀನಿ, ಈ ಕಾಡಿಗೋಸ್ಕರವೇ. ಎಫ್3ನಲ್ಲಿ ಅಂಕಿ ಕಾಣದ ಹಾಗೆ ಮಾಡೋ ಗೇಮ್‌ರೂಲ್ (ಸೆಟ್ಟಿಂಗ್) ಆಟದಲ್ಲೇ ಇದೆ, ಅದನ್ನ ಮೊದಲು ಹಾಕ್ತೀನಿ. ಬರೋರು ಮೆಸೇಜ್ ಮಾಡಿ. ಮಿನಿಮ್ಯಾಪ್ ಮಾಡ್ ಇಟ್ಕೊಂಡು ಬಂದೋರನ್ನ ಅಳಿಯ ಅಂತಾನೂ ನೋಡಲ್ಲ, ಕಿಕ್ ಮಾಡಿ ಆಚೆ ಹಾಕ್ತೀನಿ.